ಮರಳಿ ಬಂದವರ ದೊಡ್ಡಸ್ವಾಮಿ: ಅಬ್ಬೆ ದುಬ್ವಾ
1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅನೇಕರು ಬಲವಂತಕ್ಕೊಳಗಾಗಿ ಇಸ್ಲಾಂ ಸ್ವೀಕರಿಸಿದರು. 1799ರಲ್ಲಿ ಟಿಪ್ಪು ಮಡಿದ ಬಳಿಕ ಅವರನ್ನು ಮರಳಿ ಸಭೆಗೆ ಸೇರಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ಪೇಟ ಧರಿಸಿ, ಮಾಂಸ ತ್ಯಜಿಸಿ ಬಾಳಿದ ಅವರು ಮೈಸೂರು ಸೀಮೆಯ ಜನರಿಗೆ ದೊಡ್ಡಸ್ವಾಮಿಯಾದರು. ಗಂಜಾಮಿನಲ್ಲಿ ಚರ್ಚ್ ಎದ್ದಿತು. ಬರಿಗೈಯಲ್ಲಿ ಮರಳಿದವರಿಗೆ ಪ್ರಾರ್ಥನೆಯೊಂದೇ ಸಾಲದೆಂದು ಬೇಸಾಯದ ನೆಲೆಗಳನ್ನು ಕಲ್ಪಿಸಿದರು. ಸಿಡುಬಿಗೆ ಲಸಿಕೆಯನ್ನೂ ಹಾಕಿಸಿದರು.

ಆದರೂ ಅಂದು ಒಬ್ಬರೂ ಹುತಾತ್ಮರಾಗಲು ಮುಂದಾಗಲಿಲ್ಲವೆಂಬ ನೋವು ಅವರನ್ನು ಬಿಡಲಿಲ್ಲ; ತಮ್ಮ ಪತ್ರಗಳಲ್ಲಿ ಅದನ್ನು ಕಟುವಾಗಿಯೇ ದಾಖಲಿಸಿದರು. ಸೆರೆಯ ಬವಣೆ ಉಂಡವರ ಮೇಲೆ ಇದು ತುಸು ಕಠಿಣವಾದ ತೀರ್ಪೇ ಸರಿ. ಹಿಂದೂಗಳು ಕ್ರೈಸ್ತರಾಗುವರೆಂಬ ಭರವಸೆಯನ್ನೂ ತೊರೆದು 1823ರಲ್ಲಿ ಸ್ವದೇಶಕ್ಕೆ ತೆರಳಿದ ಅವರು 1848ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು.