ಗೆಡ್ಡೆಗಳನ್ನು ಹಂಚಿದ ಕ್ಲೂಸಿಯಸ್

ಅರ್ಥಶಾಸ್ತ್ರದ ತರಗತಿಯಲ್ಲಿ ಸಟ್ಟಾ ವ್ಯಾಪಾರದ ವಿಷಯ ಬಂದಾಗ 1637ರ ಹಾಲೆಂಡಿನ ಟುಲಿಪ್ ಹುಚ್ಚಿನ ಕಥೆ ಕೇಳಿದೆ. ಮನೆಗೆ ಬಂದು ಹೇಳಿದರೆ, ಉರ್ದುವಿನಲ್ಲಿ ಆ ಹೂವಿಗೆ ಲಾಲಾ ಎನ್ನುತ್ತಾರೆ, ಶಾಯರಿಗಳಲ್ಲಿ ಬರುತ್ತದೆ ಎಂದರು ಅಬ್ಬಾ. ತುರ್ಕಿಯವರು ಲಾಲೆ ಎನ್ನುತ್ತಾರೆ. ನಮ್ಮ ಮಾತಿನ ಹೂವು ಅಷ್ಟು ದೂರದ ಹಾಲೆಂಡಿಗೆ ಹೇಗೆ ಹೋಯಿತು ಎಂದು ಹುಡುಕಿದಾಗ ಸಿಕ್ಕಿದ ಹೆಸರು ಕ್ಲೂಸಿಯಸ್.

ಕರೋಲಸ್ ಕ್ಲೂಸಿಯಸ್ ಹುಟ್ಟಿದ್ದು 1526ರಲ್ಲಿ, ಈಗ ಫ್ರಾನ್ಸಿನಲ್ಲಿರುವ ಅರಾಸ್ ಊರಿನಲ್ಲಿ. ಮೊದಲು ಕಾನೂನು ಓದಿದ. ಆದರೆ ಮನಸ್ಸು ಗಿಡಗಳ ಮೇಲಿತ್ತು. ಅದಕ್ಕಾಗಿ ಊರೂರು ಅಲೆದ. ಗೋವೆಯಲ್ಲಿದ್ದ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಔಷಧಿ ಸಸ್ಯಗಳ ಪುಸ್ತಕವನ್ನು ಸಂಗ್ರಹಿಸಿ, ಲ್ಯಾಟಿನ್‌ಗೆ ತಂದು 1567ರಲ್ಲಿ ಪ್ರಕಟಿಸಿದ. ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು, ಏಲಕ್ಕಿಗಳ ವಿವರವನ್ನು ಯುರೋಪಿನ ಪಂಡಿತರು ಓದಿದ್ದು ಹೀಗೆ.

1573ರಲ್ಲಿ ಚಕ್ರವರ್ತಿ ಎರಡನೇ ಮ್ಯಾಕ್ಸಿಮಿಲಿಯನ್ ಅವನನ್ನು ವಿಯೆನ್ನಾದ ತೋಟಕ್ಕೆ ಕರೆಸಿಕೊಂಡ. ಸುಲ್ತಾನ್ ಸುಲೈಮಾನನ ಆಸ್ಥಾನದಲ್ಲಿ ರಾಯಭಾರಿಯಾಗಿದ್ದ ಬುಸ್‌ಬೆಕ್ ಅವನಿಗೆ ಟುಲಿಪ್ ಬೀಜಗಳನ್ನೂ ಗೆಡ್ಡೆಗಳನ್ನೂ ಕೊಟ್ಟ. ಬೀಜದಿಂದ ಬೆಳೆಸಿದರೆ ಹೂ ಬಿಡಲು ಆರೇಳು ವರ್ಷ ಬೇಕು. ಅಷ್ಟರಲ್ಲಿ ಚಕ್ರವರ್ತಿ ತೀರಿಕೊಂಡ, ಹೊಸ ಚಕ್ರವರ್ತಿಯ ಕಾಲದಲ್ಲಿ ಕೆಲಸವೂ ಹೋಯಿತು. ಆದರೂ ಅವನು ಗಿಡಗಳನ್ನು ಬಿಡಲಿಲ್ಲ. ಗೆಳೆಯರಿಗೆ ಪತ್ರದ ಜೊತೆ ಗೆಡ್ಡೆಗಳನ್ನೂ ಬೀಜಗಳನ್ನೂ ಕಳಿಸುತ್ತಿದ್ದ. ಅವರೂ ತಮ್ಮಲ್ಲಿದ್ದದ್ದನ್ನು ಕಳಿಸುತ್ತಿದ್ದರು. ಹಣದ ಮಾತು ಅಲ್ಲಿರಲಿಲ್ಲ.

1593ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯ ಹೊಸ ಸಸ್ಯತೋಟ ಮಾಡಲು ಅವನನ್ನು ಕರೆಯಿತು. ಆಗ ಅವನಿಗೆ 67 ವರ್ಷ. ಲೈಡನ್ ಸಮುದ್ರಕ್ಕೆ ಹತ್ತಿರ. ಅಲ್ಲಿ ಚಳಿಗಾಲ ತಣ್ಣಗಿರುತ್ತದೆ, ಬೇಸಿಗೆ ಸುಡುವುದಿಲ್ಲ. ಟುಲಿಪ್‌ಗೆ ಇದೇ ಬೇಕು. ಶರತ್ಕಾಲದಲ್ಲಿ ನೀರು ನಿಲ್ಲದ ಮರಳು ಮಣ್ಣಿನಲ್ಲಿ, ಗೆಡ್ಡೆಯ ಎತ್ತರದ ಸುಮಾರು ಮೂರು ಪಟ್ಟು ಆಳಕ್ಕೆ ಹೂಳಬೇಕು. ಚಳಿಯಲ್ಲಿ ಕೆಲವು ವಾರ ಮಲಗದೆ ಅದು ಸರಿಯಾಗಿ ಹೂ ಬಿಡುವುದಿಲ್ಲ. ಹೂ ಉದುರಿದ ಮೇಲೆ ಎಲೆ ಹಳದಿಯಾಗುವ ತನಕ ಕೀಳಬಾರದು, ಮುಂದಿನ ವರ್ಷದ ಗೆಡ್ಡೆಗೆ ಆಹಾರ ಕೂಡಿಡುವುದು ಆ ಎಲೆಯೇ. 1594ರ ವಸಂತದಲ್ಲಿ ಲೈಡನ್ನಿನ ತೋಟದಲ್ಲಿ ಟುಲಿಪ್ ಅರಳಿತು.

ಹೂ ನೋಡಿದವರಿಗೆ ಆಸೆಯಾಯಿತು. ಕಳ್ಳರು ಒಂದಕ್ಕಿಂತ ಹೆಚ್ಚು ಬಾರಿ ಬಂದು ಗೆಡ್ಡೆಗಳನ್ನು ಅಗೆದುಕೊಂಡು ಹೋದರು. ಕೇಳಿದ ಗೆಳೆಯರಿಗೆಲ್ಲ ಕೊಡುತ್ತಿದ್ದ ಮುದುಕನಿಗೆ ಇದರಿಂದ ಬಹಳ ನೋವಾಯಿತು. 1609ರಲ್ಲಿ ಅವನು ಲೈಡನ್ನಿನಲ್ಲೇ ತೀರಿಕೊಂಡ.

ಅವನು ಇನ್ನೊಂದು ವಿಷಯ ಗಮನಿಸಿದ್ದ. ಒಂದೇ ಬಣ್ಣದ ಹೂವಿನಲ್ಲಿ ಕೆಲವೊಮ್ಮೆ ಬೆಂಕಿಯ ಜ್ವಾಲೆಯಂಥ ಗೆರೆಗಳು ಮೂಡುತ್ತವೆ. ಅಂಥ ಗೆಡ್ಡೆ ಆಮೇಲೆ ಸೊರಗುತ್ತದೆ ಎಂದು ಅವನು ಬರೆದಿಟ್ಟ. ಅದು ವೈರಸ್ ರೋಗ, ಹೇನುಗಳಿಂದ ಹರಡುತ್ತದೆ ಎಂದು ತಿಳಿದದ್ದು 20ನೇ ಶತಮಾನದಲ್ಲಿ. ಆದರೆ ಅವನು ಸತ್ತು 28 ವರ್ಷದ ಮೇಲೆ ವ್ಯಾಪಾರಿಗಳು ಅತಿ ಹೆಚ್ಚು ಬೆಲೆ ಕಟ್ಟಿದ್ದು ಅದೇ ಗೆರೆಯ ಹೂಗಳಿಗೆ. ಗೆಡ್ಡೆ ಇನ್ನೂ ಮಣ್ಣಿನೊಳಗಿರುವಾಗಲೇ ಬರೀ ಕಾಗದದ ಮೇಲೆ ಅವು ಕೈಯಿಂದ ಕೈಗೆ ಮಾರಾಟವಾದವು. 1637ರ ಫೆಬ್ರುವರಿಯಲ್ಲಿ ಕೊಳ್ಳುವವರೇ ಇಲ್ಲದೆ ಬೆಲೆ ಕುಸಿಯಿತು.

ನಾನು ವಾಣಿಜ್ಯದ ವಿದ್ಯಾರ್ಥಿ, ಲಾಭ ತಪ್ಪು ಎಂದು ಹೇಳಲಾರೆ. ಆದರೆ ಆ ವ್ಯಾಪಾರಿಗಳು ಕೊಂಡದ್ದು ರೋಗವನ್ನು, ಅದರ ಎಚ್ಚರಿಕೆಯೂ ಅಚ್ಚಾಗಿತ್ತು. ಬೆಲೆಪಟ್ಟಿ ನೋಡುವ ಮೊದಲು ಗಿಡವನ್ನು ನೋಡಬೇಕು ಎಂಬುದನ್ನು ನಾನು ಕಲಿತದ್ದು ಗೆಡ್ಡೆ ಮಾರಿದವರಿಂದಲ್ಲ, ಹಂಚಿದವನಿಂದ.