ಕನ್ನಡ ಬಾವುಟದ ಜನಕ ಮ. ರಾಮಮೂರ್ತಿಯವರು

ಕನ್ನಡ ನಾಡನ್ನು ಆಳಿದ ಅರಸು ಮನೆತನಗಳಿಗೆಲ್ಲ ತಮ್ಮವೇ ಆದ ಧ್ವಜಗಳೂ ಲಾಂಛನಗಳೂ ಇದ್ದವು. ಕದಂಬರದು ವಾನರ ಧ್ವಜ, ಸಿಂಹ ಲಾಂಛನ. ತಲಕಾಡಿನ ಗಂಗರದು ಪಿಂಛ ಧ್ವಜ, ಮದಗಜ ಲಾಂಛನ. ಚಾಲುಕ್ಯರ ವರಾಹ, ರಾಷ್ಟ್ರಕೂಟರ ಗರುಡ, ಕಲ್ಯಾಣದ ಕಳಚುರಿಗಳ ವೃಷಭ, ಮೈಸೂರಿನ ಒಡೆಯರ ಗಂಡಭೇರುಂಡ ಇವೆಲ್ಲವೂ ಶಾಸನಗಳಲ್ಲಿ, ನಾಣ್ಯಗಳಲ್ಲಿ, ಅರಮನೆಯ ಗೋಡೆಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಆ ಧ್ವಜಗಳ ಹಿಂದೆ ಸಿಂಹಾಸನವಿತ್ತು, ಸೈನ್ಯವಿತ್ತು, ಬೊಕ್ಕಸವಿತ್ತು. ಮನೆತನಗಳು ಅಳಿದಾಗ ಅವರ ಧ್ವಜಗಳೂ ಕೆಳಗಿಳಿದವು. ಇಂದು ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಕನ್ನಡಿಗರು ತಮ್ಮದೆಂದು ಎತ್ತಿ ಹಿಡಿಯುವ ಹಳದಿ ಕೆಂಪು ಬಾವುಟಕ್ಕೆ ಅಂತಹ ಯಾವ ಆಸರೆಯೂ ಇರಲಿಲ್ಲ. ಪತ್ರಿಕೆ ನಡೆಸಿ, ಕಾದಂಬರಿ ಬರೆದು ಸಂಸಾರ ತೂಗಿಸುತ್ತಿದ್ದ ಒಬ್ಬ ಲೇಖಕರು ಅದನ್ನು ನಾಡಿಗೆ ಕೊಟ್ಟರು. ಅವರೇ ಕನ್ನಡದ ವೀರಸೇನಾನಿ ಎಂದು ಹೆಸರಾದ ಶ್ರೀ ಮ. ರಾಮಮೂರ್ತಿಯವರು.

ರಾಮಮೂರ್ತಿಯವರು 1918ನೆಯ ಇಸವಿ ಮಾರ್ಚ್ 11ರಂದು ಕಪಿಲಾ ತೀರದ ನಂಜನಗೂಡಿನಲ್ಲಿ ಜನಿಸಿದರು. ತಂದೆ ಸೀತಾರಾಮಶಾಸ್ತ್ರಿಗಳು ಕನ್ನಡ ಪತ್ರಿಕೋದ್ಯಮದಲ್ಲಿ ನಿರ್ಭೀತಿಗೆ ಹೆಸರಾದವರು. ಅವರು ನಡೆಸುತ್ತಿದ್ದ 'ವೀರಕೇಸರಿ' ಪತ್ರಿಕೆಯ ಹೆಸರೇ ಅವರ ಬಿರುದಾಗಿ ನಿಂತು, ಜನರು ಅವರನ್ನು ವೀರಕೇಸರಿ ಸೀತಾರಾಮಶಾಸ್ತ್ರಿಗಳೆಂದೇ ಕರೆಯುತ್ತಿದ್ದರು. ಪತ್ರಿಕೆಯ ಜೊತೆಗೆ ಅವರು ಕಾದಂಬರಿಗಳನ್ನೂ ಬರೆದರು. ಲೇಖನಿಯಿಂದ ಅನ್ನ ಸಂಪಾದಿಸುವುದು ಎಷ್ಟು ಕಷ್ಟವೆಂಬುದನ್ನೂ, ಆ ಕಷ್ಟದ ನಡುವೆಯೂ ಅದನ್ನು ಮಾರದೆ ಬಾಳಬಹುದೆಂಬುದನ್ನೂ ರಾಮಮೂರ್ತಿಯವರು ಮನೆಯಲ್ಲಿಯೇ ಕಂಡು ಬೆಳೆದರು. ತಂದೆಯ ಎರಡು ವೃತ್ತಿಗಳೂ ಮಗನಿಗೆ ಪಿತ್ರಾರ್ಜಿತವಾಗಿ ಬಂದವು. ಬೇರೆ ಆಸ್ತಿಯೇನೂ ಬಂದಂತೆ ಕಾಣದು.

ಅವರ ತಾರುಣ್ಯದ ದಿನಗಳು ದೇಶವೆಲ್ಲ ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿದ್ದ ದಿನಗಳು. ಅವರಿಗೆ ಇಪ್ಪತ್ತು ತುಂಬಿದ ವರ್ಷ, ಅಂದರೆ 1938ರ ಏಪ್ರಿಲ್ ತಿಂಗಳಲ್ಲಿ, ಮೈಸೂರು ಸಂಸ್ಥಾನದ ಚರಿತ್ರೆಯನ್ನು ತಿರುಗಿಸಿದ ಒಂದು ಘಟನೆ ಇದೇ ಮಂಡ್ಯ ಸೀಮೆಯಲ್ಲಿ ನಡೆಯಿತು. ಹನಕೆರೆಯಿಂದ ಬೆಂಗಳೂರಿನ ದಿಕ್ಕಿಗೆ ಹೊರಟವರು ಮದ್ದೂರಿನಲ್ಲಿ ಕಾಣುವ ಶಿವಪುರದ ಸತ್ಯಾಗ್ರಹ ಸೌಧ ಆ ಘಟನೆಯ ಸ್ಮಾರಕ. ಶ್ರೀ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಅಲ್ಲಿ ಸೇರಿತು. ರಾಷ್ಟ್ರಧ್ವಜವನ್ನು ಏರಿಸಕೂಡದೆಂದು ಸರ್ಕಾರ ಪ್ರತಿಬಂಧಕಾಜ್ಞೆ ಹೊರಡಿಸಿದರೂ, ಸಹಸ್ರಾರು ರೈತರ ಕಣ್ಣೆದುರಿನಲ್ಲಿ ಆಜ್ಞೆಯನ್ನು ಮುರಿಯಲಾಯಿತು; ನಾಯಕರು ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿ ಹಲವರು ಪ್ರಾಣ ತೆತ್ತರು. ಬಳಿಕ ಸರ್ದಾರ್ ಪಟೇಲರು ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದ ಫಲವಾಗಿ ಒಂದು ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಯಲ್ಲಿಯೇ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವನ್ನೂ ಹಾರಿಸಬಹುದೆಂದು ಸರ್ಕಾರ ಒಪ್ಪಿತು.

ಆ ಒಪ್ಪಂದದಲ್ಲಿ ಗಮನಿಸತಕ್ಕ ಒಂದು ತತ್ತ್ವವಿದೆ. ನಾಡಿನ ಧ್ವಜವೊಂದು, ದೇಶದ ಧ್ವಜವೊಂದು ಅಕ್ಕಪಕ್ಕದಲ್ಲಿ ಹಾರಿದರೆ ಒಂದರಿಂದ ಇನ್ನೊಂದಕ್ಕೆ ಕುಂದಿಲ್ಲವೆಂಬ ಮಾತು ಅಂದೇ ಇತ್ಯರ್ಥವಾಯಿತು. ಸಂಸ್ಥಾನದ ಧ್ವಜವು ಅರಸರದು, ತ್ರಿವರ್ಣ ಧ್ವಜವು ಇಡೀ ರಾಷ್ಟ್ರದ್ದು. ಕನ್ನಡ ಜನರದೇ ಎನ್ನಬಹುದಾದ ಧ್ವಜವೊಂದು ಆ ಹೊತ್ತಿಗೆ ಇನ್ನೂ ಹುಟ್ಟಿರಲಿಲ್ಲ.

ರಾಮಮೂರ್ತಿಯವರು ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗಿಯಾದರು. ಅನಂತರ ಪತ್ರಿಕಾ ವೃತ್ತಿಯನ್ನು ಹಿಡಿದು 'ವಿನೋದವಾಣಿ', 'ಕಥಾವಾಣಿ' ಮುಂತಾದ ಪತ್ರಿಕೆಗಳನ್ನು ನಡೆಸಿದರು. ಪತ್ತೇದಾರಿ ಕಾದಂಬರಿಗಳನ್ನು ಒಂದರ ಹಿಂದೊಂದರಂತೆ ಬರೆದರು. ಅವುಗಳ ಸಂಖ್ಯೆ ನೂರನ್ನು ಮೀರುತ್ತದೆ. ಪಂಡಿತರು ಈ ಬಗೆಯ ಸಾಹಿತ್ಯಕ್ಕೆ ಮಣೆ ಹಾಕಲಿಲ್ಲವೆಂಬುದು ನಿಜ. ಆದರೆ ಅಗ್ಗದ ಬೆಲೆಯ ಆ ಪುಸ್ತಕಗಳು ಅಂಗಡಿಯ ಗುಮಾಸ್ತನಿಗೂ, ಗಿರಣಿಯ ಕೆಲಸಗಾರನಿಗೂ, ಮನೆಯೊಳಗಿನ ಹೆಣ್ಣುಮಕ್ಕಳಿಗೂ ಕನ್ನಡ ಓದುವ ರುಚಿ ಹತ್ತಿಸಿದವು. ಕನ್ನಡವನ್ನು ಓದುವವರಿಲ್ಲದೆ ಕನ್ನಡಕ್ಕಾಗಿ ಹೋರಾಡುವವರು ಹುಟ್ಟಲಾರರು. ಮುಂದೆ ಅವರ ಕರೆಗೆ ಓಗೊಟ್ಟು ಬೀದಿಗಿಳಿದವರಲ್ಲಿ ಹೆಚ್ಚಿನವರು ಈ ಸಾಮಾನ್ಯ ಓದುಗರ ವರ್ಗದವರೇ ಆಗಿದ್ದರು.

1956ರ ನವೆಂಬರ್ 1ರಂದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾಗಿ ವಿಶಾಲ ಮೈಸೂರು ರಾಜ್ಯವು ಉದಯಿಸಿತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹಳೆಯ ಮೈಸೂರು ಎಂಬ ಐದು ಆಡಳಿತಗಳ ಕೆಳಗಿದ್ದ ಜನರು ಒಂದೇ ಸೂರಿನಡಿ ಬಂದರು. ಆದರೆ ಮನೆ ಕಟ್ಟಿದ ಮಾತ್ರಕ್ಕೆ ಮನೆಯವರಾಗುವುದಿಲ್ಲ. ರಾಜಧಾನಿ ಬೆಂಗಳೂರಿನಲ್ಲಿಯೇ ಕನ್ನಡವು ಮೂಲೆಗೆ ಸರಿದಿತ್ತು. ಚಿತ್ರಮಂದಿರಗಳಲ್ಲಿ ಕನ್ನಡ ಚಿತ್ರಗಳಿಗೆ ಎಡೆ ದೊರೆಯುವುದು ದುರ್ಲಭವಾಗಿತ್ತು. ರಾಮೋತ್ಸವದ ಸಂಗೀತ ಸಭೆಗಳಲ್ಲಿ ಕನ್ನಡದ ಕಲಾವಿದರಿಗೆ ತಕ್ಕ ಸ್ಥಾನವಿಲ್ಲವೆಂಬ ಕೊರಗಿತ್ತು. 1962ರ ಸುಮಾರಿಗೆ ಕಾದಂಬರಿ ಸಾರ್ವಭೌಮ ಅ. ನ. ಕೃಷ್ಣರಾಯರು ಈ ಅನ್ಯಾಯದ ವಿರುದ್ಧ ದನಿಯೆತ್ತಿ ಬೀದಿಗಿಳಿದಾಗ, ಅವರ ಬಲಗೈಯಂತೆ ನಿಂತವರಲ್ಲಿ ರಾಮಮೂರ್ತಿಯವರು ಪ್ರಮುಖರು. ಅ.ನ.ಕೃ. ಅವರು ಮಾತಿನಿಂದ ಜನರನ್ನು ಎಬ್ಬಿಸಿದರೆ, ಎದ್ದ ಜನರನ್ನು ಸಂಘಟಿಸುವ ಕೆಲಸವನ್ನು ರಾಮಮೂರ್ತಿಯವರು ತಮ್ಮ ಹೆಗಲಿಗೆ ಹೊತ್ತರು. 'ಕನ್ನಡ ಯುವಜನ' ಎಂಬ ಪತ್ರಿಕೆಯನ್ನು ಹೊರಡಿಸಿ ತರುಣರನ್ನು ಕಲೆಹಾಕಿದರು. ಚುನಾವಣೆಯ ಕಣದಲ್ಲಿಯೂ ಕನ್ನಡದ ದನಿ ಕೇಳಬೇಕೆಂದು 'ಕನ್ನಡ ಪಕ್ಷ'ವನ್ನು ಕಟ್ಟಿದರು.

ಬಾವುಟದ ಆಲೋಚನೆ ಹುಟ್ಟಿದ್ದು ಈ ಹೋರಾಟದ ಬೀದಿಗಳಲ್ಲಿಯೇ. 1963ರಲ್ಲಿ ತೆರೆಕಂಡ 'ಕಾಂಚಿ ತಲೈವನ್' ಎಂಬ ತಮಿಳು ಚಿತ್ರದಲ್ಲಿ ಚಾಲುಕ್ಯ ಚಕ್ರವರ್ತಿ ಪುಲಕೇಶಿಯನ್ನು ಅವಮಾನಿಸಲಾಗಿದೆಯೆಂದು ಬೆಂಗಳೂರಿನಲ್ಲಿ ಪ್ರತಿಭಟನೆ ಎದ್ದಿತು. ನೆರೆಯ ರಾಜ್ಯದ ರಾಜಕೀಯ ಪಕ್ಷಗಳ ಬಾವುಟಗಳು ನಗರದ ಹಲವು ಬಡಾವಣೆಗಳಲ್ಲಿ ಹಾರಾಡುತ್ತಿದ್ದ ಕಾಲವದು. ಅವುಗಳನ್ನು ಇಳಿಸಬೇಕೆಂದು ಕೂಗುವುದು ಸುಲಭ. ಅದರಿಂದ ಬೆಳೆಯುವುದು ದ್ವೇಷ ಮಾತ್ರ. ಕನ್ನಡಿಗರು ತಮ್ಮದೆಂದು ಏರಿಸಲು ಒಂದು ಬಾವುಟವಿದೆಯೇ ಎಂಬ ಪ್ರಶ್ನೆಯನ್ನು ರಾಮಮೂರ್ತಿಯವರು ತಮ್ಮ ಜನರ ಕಡೆಗೇ ತಿರುಗಿಸಿದರು. ನೋವಿನಲ್ಲಿ ಹುಟ್ಟಿದ ಪ್ರಶ್ನೆಗೆ ನಿರ್ಮಾಣದ ಉತ್ತರ ಕಂಡುಕೊಂಡದ್ದು ಅವರ ದೊಡ್ಡತನ.

ಅವರು ಆರಿಸಿಕೊಂಡ ಬಣ್ಣಗಳು ಹಳದಿ ಮತ್ತು ಕೆಂಪು, ಎಂದರೆ ಅರಿಶಿನ ಮತ್ತು ಕುಂಕುಮ. ಮೊದಲ ರೂಪದಲ್ಲಿ ಕರ್ನಾಟಕದ ಭೂಪಟವೂ ಧಾನ್ಯದ ತೆನೆಯೂ ಇದ್ದವು. ಏಕೀಕರಣಗೊಂಡ ನಾಡಿಗೆ ಭೂಪಟವು ಕುರುಹು, ಅದರ ಒಕ್ಕಲಿಗೆ ತೆನೆ ಕುರುಹು. ಕಾಲಕ್ರಮದಲ್ಲಿ ಇವೆರಡೂ ಬಿಟ್ಟುಹೋಗಿ, ಮೇಲೆ ಹಳದಿ, ಕೆಳಗೆ ಕೆಂಪು ಎಂಬ ಸರಳ ರೂಪವೇ ಜನರಲ್ಲಿ ನೆಲೆನಿಂತಿತು. ಚಿತ್ರವಿದ್ದ ಬಾವುಟಕ್ಕೆ ಚಿತ್ರಕಾರನ ಅಗತ್ಯವುಂಟು. ಎರಡು ಬಣ್ಣದ ಬಾವುಟವನ್ನಾದರೋ ಹಳ್ಳಿಯ ದರ್ಜಿಯೂ ಎರಡು ತುಂಡು ಬಟ್ಟೆಗಳನ್ನು ಜೋಡಿಸಿ ಗಳಿಗೆಯೊಳಗೆ ಹೊಲಿದು ಕೊಡಬಲ್ಲನು. ಶಾಲೆಯ ಮಗುವೂ ಬಣ್ಣದ ಕಾಗದದಲ್ಲಿ ಮಾಡಬಲ್ಲುದು.

ಈ ಬಣ್ಣಗಳ ಅರ್ಥವನ್ನು ಕನ್ನಡಿಗನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮದ್ದೂರು, ಮಳವಳ್ಳಿ, ಮಂಡ್ಯದ ಕಡೆಯ ಒಕ್ಕಲುಮನೆಗಳಲ್ಲಿ ಹೊಸಲಿಗೆ ಅರಿಶಿನ ಕುಂಕುಮವಿಲ್ಲದೆ ಹಬ್ಬವಿಲ್ಲ. ಕಣದಲ್ಲಿ ರಾಶಿಯ ಪೂಜೆಗೂ, ಸಂಕ್ರಾಂತಿಯಲ್ಲಿ ಎತ್ತುಗಳ ಸಿಂಗಾರಕ್ಕೂ, ಆಯುಧಪೂಜೆಯಲ್ಲಿ ನೇಗಿಲು ಗಾಡಿಗಳಿಗೂ ಅವೇ ಬೇಕು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳುಹಿಸದೆ ಕೊಟ್ಟು ಕಳುಹಿಸುವುದೂ ಅವನ್ನೇ. ಹಳದಿಯು ಶಾಂತಿ ಸಮೃದ್ಧಿಗಳನ್ನೂ ಕೆಂಪು ಧೈರ್ಯ ಕ್ರಾಂತಿಗಳನ್ನೂ ಸೂಚಿಸುವುದೆಂಬ ವ್ಯಾಖ್ಯಾನವೂ ಪ್ರಚಾರದಲ್ಲಿದೆ. ಮಂಗಳದ ಕುರುಹಾಗಿ ಬಂದ ಬಣ್ಣಗಳು ಬಾವುಟವಾದ ಮೇಲೆ ಮತ ಪಂಗಡಗಳ ಎಲ್ಲೆಯನ್ನು ದಾಟಿದುದು ವಿಶೇಷ. ಇಂದು ಆಟೋ ಚಾಲಕನಿಂದ ಚಿತ್ರನಟನವರೆಗೆ ಎಲ್ಲ ಧರ್ಮದ ಕನ್ನಡಿಗರೂ ಆ ಬಾವುಟವನ್ನು ಎತ್ತಿ ಹಿಡಿಯುತ್ತಾರೆ.

ಬಾವುಟವನ್ನು ರೂಪಿಸಿ ರಾಮಮೂರ್ತಿಯವರು ಸುಮ್ಮನೆ ಕೂರಲಿಲ್ಲ. ಅದನ್ನು ಹಿಡಿದು ಪಾದಯಾತ್ರೆ ಮಾಡಿ ಜನರ ಬಳಿಗೆ ಒಯ್ದರು. ಆ ದಿನಗಳಲ್ಲಿ ಅವರ ಬಳಿ ಧನಬಲವಿರಲಿಲ್ಲ, ಅಧಿಕಾರದ ಬೆಂಬಲವೂ ಇರಲಿಲ್ಲ. ಕಾದಂಬರಿಯಿಂದ ಬಂದುದು ಪತ್ರಿಕೆಗೆ, ಪತ್ರಿಕೆಯಿಂದ ಬಂದುದು ಚಳವಳಿಗೆ ಎಂಬಂತಹ ಬದುಕು. ಇಂತಹ ಬಾಳಿನಲ್ಲಿ ಮನೆಯವರು ಪಡುವ ಕಷ್ಟ ಹೊರಗಿನವರ ಕಣ್ಣಿಗೆ ಬೀಳುವುದು ವಿರಳ. ಸಾರ್ವಜನಿಕ ಸೇವೆಯ ಲೆಕ್ಕದಲ್ಲಿ ಅದನ್ನು ಸೇರಿಸದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಕೊನೆಗೆ ಅವರು ಬೇಸಾಯದ ಕಡೆಗೆ ಮನಸ್ಸು ಮಾಡಿ, ಬೆಂಗಳೂರಿನಿಂದ ಕನಕಪುರದ ಹಾದಿಯಲ್ಲಿರುವ ತಲಘಟ್ಟಪುರದ ಬಳಿ ಸ್ವಲ್ಪ ಭೂಮಿಯನ್ನು ಹೊಂದಿಸಿಕೊಂಡರು. ನೀರಿಗಾಗಿ ಬಾವಿಯ ಕೆಲಸ ನಡೆಯಿತು. 1967ರ ಡಿಸೆಂಬರ್ 25ರಂದು ಆ ಬಾವಿಯ ಮಣ್ಣು ಕುಸಿದು ರಾಮಮೂರ್ತಿಯವರೂ ಅವರ ಇಬ್ಬರು ಗಂಡುಮಕ್ಕಳೂ ಒಟ್ಟಿಗೆ ಮೃತರಾದರು. ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಒಂದೇ ದಿನ ಪತಿಯನ್ನೂ ಮಕ್ಕಳನ್ನೂ ಕಳೆದುಕೊಂಡ ಆ ತಾಯಿಯ ದುಃಖವನ್ನು ಅಳೆಯುವ ಮಾತುಗಳಿಲ್ಲ. ಬಾವಿ ತೋಡಿ ಬದುಕುವ ಬಯಲುಸೀಮೆಯ ರೈತನಿಗೆ ಈ ಸಾವಿನ ಭೀಕರತೆ ಹೇಳದೆಯೇ ತಿಳಿಯುತ್ತದೆ.

ಅವರ ನಂತರ ಕನ್ನಡ ಪಕ್ಷವು ಚುನಾವಣೆಗಳಲ್ಲಿ ಬೇರೂರಲಿಲ್ಲ. ಅವರ ಪತ್ರಿಕೆಗಳು ನಿಂತವು. ಕಾದಂಬರಿಗಳಲ್ಲಿ ಬಹುಪಾಲು ಮರುಮುದ್ರಣ ಕಾಣದೆ ಹೋದವು. ಬಾವುಟ ಮಾತ್ರ ಉಳಿಯಿತು, ಬೆಳೆಯಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗಲೂ, 1980ರ ದಶಕದ ಆರಂಭದಲ್ಲಿ ಗೋಕಾಕ್ ಚಳವಳಿ ನಾಡನ್ನೆಲ್ಲ ಎಚ್ಚರಿಸಿದಾಗಲೂ, ಕಾವೇರಿ ನೀರಿಗಾಗಿ ಮಂಡ್ಯ ಮದ್ದೂರಿನ ರೈತರು ಹೆದ್ದಾರಿಗೆ ಬಂದು ಕುಳಿತಾಗಲೂ ಅದು ಜನರ ಕೈಯಲ್ಲಿತ್ತು. ಒಂದು ಪಕ್ಷದ ಸೊತ್ತಾಗಿಯೇ ಉಳಿದಿದ್ದರೆ ಆ ಬಾವುಟವು ಪಕ್ಷದೊಡನೆಯೇ ಮುಗಿಯುತ್ತಿತ್ತು. ಎಲ್ಲ ಪಕ್ಷಗಳವರೂ, ಯಾವ ಪಕ್ಷಕ್ಕೂ ಸೇರದವರೂ ಅದನ್ನು ಹಿಡಿದುದರಿಂದ ಅದು ನಾಡಿನದಾಯಿತು.

ಇಷ್ಟಾದರೂ ಆ ಬಾವುಟಕ್ಕೆ ಕಾನೂನಿನ ಮುದ್ರೆ ಬಿದ್ದಿಲ್ಲ. ಜಮ್ಮು ಕಾಶ್ಮೀರವೊಂದಕ್ಕೆ ಪ್ರತ್ಯೇಕ ರಾಜ್ಯಧ್ವಜವಿತ್ತು. 2019ರ ನಂತರ ಅದೂ ಇಲ್ಲವಾಯಿತು. 1994ರಲ್ಲಿ ಬೊಮ್ಮಾಯಿ ಪ್ರಕರಣದ ತೀರ್ಪಿನಲ್ಲಿ, ರಾಜ್ಯವೊಂದು ತನ್ನದೇ ಧ್ವಜವನ್ನು ಹೊಂದುವುದಕ್ಕೆ ಸಂವಿಧಾನದ ನಿಷೇಧವಿಲ್ಲವೆಂಬ, ಆದರೆ ಅದರಿಂದ ರಾಷ್ಟ್ರಧ್ವಜಕ್ಕೆ ಅಗೌರವವಾಗಬಾರದೆಂಬ ಅಭಿಪ್ರಾಯವು ಸರ್ವೋಚ್ಚ ನ್ಯಾಯಾಲಯದಲ್ಲಿ ವ್ಯಕ್ತವಾಯಿತು. 2012ರಲ್ಲಿ ಸರ್ಕಾರಿ ಕಟ್ಟಡಗಳ ಮೇಲೆ ಕನ್ನಡ ಬಾವುಟವನ್ನು ಹಾರಿಸಬೇಕೆಂಬ ಸರ್ಕಾರದ ಸುತ್ತೋಲೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ ಹಿಂದಕ್ಕೆ ಬಂದಿತು. 2017ರಲ್ಲಿ ರಾಜ್ಯ ಸರ್ಕಾರವು ಒಂದು ಸಮಿತಿಯನ್ನು ನೇಮಿಸಿತು. 2018ರ ಮಾರ್ಚ್ 8ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳದಿ, ಬಿಳಿ, ಕೆಂಪು ಪಟ್ಟಿಗಳ, ನಡುವೆ ಗಂಡಭೇರುಂಡದ ರಾಜ್ಯ ಲಾಂಛನವಿರುವ ಧ್ವಜವೊಂದನ್ನು ಪ್ರಕಟಿಸಿ ಕೇಂದ್ರದ ಒಪ್ಪಿಗೆಗೆ ಕಳುಹಿಸಲು ನಿರ್ಧರಿಸಿದರು. ರೂಢಿಯ ಬಾವುಟದಲ್ಲಿ ಬಿಳಿಯನ್ನು ಸೇರಿಸಿದ್ದು ಕೆಲವು ಕನ್ನಡ ಹೋರಾಟಗಾರರಿಗೆ ಹಿಡಿಸಲಿಲ್ಲ. ಸರ್ಕಾರ ಪ್ರಕಟಿಸಿದ ಧ್ವಜವು ಜನಬಳಕೆಗೆ ಬರಲಿಲ್ಲ. ರಾಜ್ಯೋತ್ಸವದ ದಿನ ಊರೂರಿನಲ್ಲಿ ಏರುವುದು ರಾಮಮೂರ್ತಿಯವರ ಕಾಲದ ಹಳದಿ ಕೆಂಪೇ.

ಈ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಸಹಜ. ದೇಶಕ್ಕೆ ಒಂದೇ ಧ್ವಜ ಸಾಕೆನ್ನುವವರ ಮನಸ್ಸಿನಲ್ಲಿ ರಾಷ್ಟ್ರದ ಒಗ್ಗಟ್ಟಿನ ಕಾಳಜಿಯಿದೆ. ಅವರ ಆತಂಕಕ್ಕೆ ಶಿವಪುರದ ಇತಿಹಾಸವು ಒಂದು ಸಮಾಧಾನವನ್ನು ಕೊಡಬಲ್ಲುದು. ತ್ರಿವರ್ಣ ಧ್ವಜಕ್ಕಾಗಿ ಸೆರೆಮನೆ ಕಂಡ ಸೀಮೆಯ ಜನರೇ ಹಳದಿ ಕೆಂಪು ಬಾವುಟವನ್ನೂ ಹೃದಯಕ್ಕೆ ಅಪ್ಪಿಕೊಂಡಿದ್ದಾರೆ. ಇವೆರಡರ ನಡುವೆ ಅವರಿಗೆ ವಿರೋಧ ಕಂಡಿಲ್ಲ. ರಾಷ್ಟ್ರಧ್ವಜಕ್ಕೆ ಮೇಲಿನ ಸ್ಥಾನವನ್ನು ಬಿಟ್ಟುಕೊಟ್ಟು, ತನ್ನ ನುಡಿಯ ಬಾವುಟವನ್ನು ಪ್ರೀತಿಯಿಂದ ಹಿಡಿಯುವವನ ದೇಶಭಕ್ತಿಗೆ ಯಾವ ಊನವೂ ಇಲ್ಲ.

ಬಾವುಟವನ್ನು ಹಿಡಿಯುವವರಿಗೆ ಇರುವ ಹೊಣೆಯೂ ಸಣ್ಣದಲ್ಲ. ಅನ್ಯಭಾಷಿಕರನ್ನು ಹೆದರಿಸುವುದಕ್ಕೆ ಅದನ್ನು ಬಳಸಿದರೆ ಅರಿಶಿನ ಕುಂಕುಮದ ಮಂಗಳಾರ್ಥಕ್ಕೆ ಭಂಗ ಬರುತ್ತದೆ. ನವೆಂಬರಿನಲ್ಲಿ ಏರಿಸಿ ಉಳಿದ ತಿಂಗಳುಗಳಲ್ಲಿ ಕನ್ನಡದ ಓದು ಬರಹಗಳನ್ನು ಮರೆತರೆ ಅದು ಬರಿಯ ಬಟ್ಟೆಯಾಗುತ್ತದೆ. ರಾಮಮೂರ್ತಿಯವರು ಮೊದಲು ಕನ್ನಡದ ಓದುಗರನ್ನು ಬೆಳೆಸಿದರು, ಆಮೇಲೆ ಅವರ ಕೈಗೆ ಬಾವುಟವನ್ನು ಕೊಟ್ಟರು. ಆ ಕ್ರಮದಲ್ಲಿಯೇ ಶಾಲೆಗಳಿಗೆ ಒಂದು ಪಾಠವಿದೆ. ತಾಯ್ನುಡಿಯನ್ನು ತಪ್ಪಿಲ್ಲದೆ ಓದಿ ಬರೆಯಬಲ್ಲ ಮಗುವಿನ ಕೈಯಲ್ಲಿ ಆ ಬಾವುಟವು ಅರ್ಥವನ್ನು ಪಡೆಯುತ್ತದೆ. ಅಂತಹ ಮಕ್ಕಳನ್ನು ನಾಡಿಗೆ ಒಪ್ಪಿಸುವ ಗುರುಗಳೂ, ಅವರ ಶಾಲೆಗಳಿಗೆ ನೆರವಾಗುವ ದಾನಿಗಳೂ ಆ ವೀರಸೇನಾನಿಯ ಋಣವನ್ನು ಸಲ್ಲಿಸುವವರ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುತ್ತಾರೆ.