ಶೇಂಗಾ ಎಣ್ಣೆ ಕುಡಿದ ಇಂಜಿನ್ನು: ರುಡಾಲ್ಫ್ ಡೀಸೆಲ್

ಸಂಡೂರಿನ ಗಣಿ ಲಾರಿ, ಕಂಪ್ಲಿ ಗದ್ದೆಯ ಟ್ರ್ಯಾಕ್ಟರು, ಹೊಸಪೇಟೆ ಅಂಗಡಿಗಳ ಜನರೇಟರು, ಎಲ್ಲಕ್ಕೂ ಡೀಸೆಲ್ ಬೇಕು. ಆದ್ರೆ ಅದು ಮೊದಲು ಒಬ್ಬ ಇಂಜಿನಿಯರ್‌ನ ಹೆಸರು ಅನ್ನೋದು ನಮಗೆ ಮರೆತೇ ಹೋಗಿದೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನ್ನರು. 1870ರಲ್ಲಿ ಯುದ್ಧ ಶುರುವಾಗಿ ಕುಟುಂಬ ಲಂಡನ್ನಿಗೆ ಹೋಯಿತು. ಹನ್ನೆರಡರ ಹುಡುಗನನ್ನು ಓದಲು ಜರ್ಮನಿಯ ಆಗ್ಸ್‌ಬರ್ಗಿಗೆ, ಬಂಧುಗಳ ಮನೆಗೆ ಕಳಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಕಾರ್ಲ್ ಲಿಂಡೆ ಮೇಷ್ಟ್ರ ಪಾಠ ಕೇಳುವಾಗ, ಉಗಿಯಂತ್ರ ಶಾಖದ ಬಹುಪಾಲನ್ನು ದಂಡ ಮಾಡುತ್ತೆ ಅನ್ನೋ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಗಾಳಿಯನ್ನು ಚೆನ್ನಾಗಿ ಒತ್ತಿದರೆ ಅದೇ ಕಾಯುತ್ತೆ; ಆಗ ಇಂಧನ ಚಿಮ್ಮಿಸಿದರೆ ಕಿಡಿ ಇಲ್ಲದೆ ಹೊತ್ತಿಕೊಳ್ಳುತ್ತೆ. ಈ ಯೋಚನೆಗೆ 1893ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷದ ಪ್ರಯೋಗದಲ್ಲಿ ಸ್ಫೋಟವಾಗಿ ಆತ ಸ್ವಲ್ಪದರಲ್ಲಿ ಬಚಾವಾದ. ಬಿಡಲಿಲ್ಲ. 1897ರಲ್ಲಿ ಇಂಜಿನ್ನಿನ ದಕ್ಷತೆ ಶೇಕಡಾ 26 ಮುಟ್ಟಿತು.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆಟೋ ಕಂಪನಿಯವರು ಒಂದು ಡೀಸೆಲ್ ಇಂಜಿನ್ನನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿದರು. ನೋಡಿದವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಸಸ್ಯದ ಎಣ್ಣೆಗಳಿಗೆ ಮುಂದೊಂದು ಕಾಲ ಬರುತ್ತೆ ಅಂತ 1912ರಲ್ಲಿ ಡೀಸೆಲ್ ಹೇಳಿದ. ಮರುವರ್ಷ ಸೆಪ್ಟೆಂಬರ್ 29ರ ರಾತ್ರಿ, ಸಾಲದಲ್ಲಿ ಮುಳುಗಿದ್ದ ಆತ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾದ. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ಹೆಣ ಸಿಕ್ಕಿತು.

ಎಣ್ಣೆ ಉರಿಸೋದನ್ನು ಆತ ತೋರಿಸಿಕೊಟ್ಟ. ಕೆಡದ ಹಾಗೆ ಇಡೋದು ನಮ್ಮ ಪಾಲಿಗೆ ಉಳಿಯಿತು. ಸಸ್ಯದೆಣ್ಣೆಯಿಂದ ಮಾಡಿದ ಬಯೋಡೀಸೆಲ್‌ನ ಅಣುಗಳಲ್ಲಿರೋ ಜೋಡಿ ಬಂಧಗಳ ಪಕ್ಕದಲ್ಲೇ ಆಮ್ಲಜನಕ ಕೈ ಹಾಕುತ್ತೆ. ಮೊದಲು ಹುಳಿ, ಆಮೇಲೆ ಅಂಟು, ಕೊನೆಗೆ ಫಿಲ್ಟರ್ ಕಟ್ಟಿಕೊಳ್ಳುತ್ತೆ. ತಿಂಗಳುಗಟ್ಟಲೆ ಸುಮ್ಮನೆ ನಿಂತ ಜನರೇಟರು ಕರೆಂಟು ಹೋದ ದಿನವೇ ಕೈಕೊಡೋದಕ್ಕೆ ಇದೂ ಒಂದು ಕಾರಣ ಆಗಬಹುದು.

ಇದಕ್ಕೆ ಮದ್ದು ಬೀಜದಲ್ಲೇ ಇದೆ. ಮಳೆ ಬರೋ ತನಕ ತನ್ನ ಎಣ್ಣೆ ಕಾಪಾಡಿಕೊಳ್ಳೋಕೆ ಬೀಜ ಟೋಕೋಫೆರಾಲ್, ಅಂದ್ರೆ ವಿಟಮಿನ್ ಇ, ಇಟ್ಟುಕೊಂಡಿರುತ್ತೆ. ಎಣ್ಣೆ ಶುದ್ಧ ಮಾಡುವಾಗ ಅದರಲ್ಲಿ ಒಂದಷ್ಟು ಹೋಗುತ್ತೆ. ಅದನ್ನೋ, ರೋಸ್‌ಮೇರಿ ಸಾರದಂಥದ್ದನ್ನೋ ಮತ್ತೆ ಬೆರೆಸಿದರೆ ಕೆಡೋದು ನಿಧಾನವಾಗುತ್ತೆ. ಯುರೋಪಿನ ನಿಯಮದಂತೆ ಬಯೋಡೀಸೆಲ್ 110 ಡಿಗ್ರಿ ಶಾಖದಲ್ಲಿ, ಗಾಳಿ ಊದುತ್ತಿದ್ದರೂ 8 ಗಂಟೆ ತಡೆಯಬೇಕು. ಒಂದು ಮಾತು: ಮದ್ದನ್ನು ಎಣ್ಣೆ ಹೊಸದಾಗಿದ್ದಾಗಲೇ ಹಾಕಬೇಕು. ಕೆಟ್ಟದ್ದನ್ನು ಅದು ಸರಿ ಮಾಡಲ್ಲ.

ನಮ್ಮಲ್ಲಿ ಶೇಂಗಾ ಇದೆ, ಹೊಲದ ಬದುವಿನಲ್ಲಿ ಹೊಂಗೆ ಇದೆ. ಪ್ರಾಜೆಕ್ಟಿಗೆ ವಿಷಯ ಹುಡುಕೋರು ಇಲ್ಲಿಂದಲೇ ಶುರು ಮಾಡಬಹುದು.